ಜುಟ್ಟಿಗೊಂದು ನ್ಯಾಯ, ಜಡೆಗೊಂದು ನ್ಯಾಯ

ರಾಜಿಗೆ ಜಡೆ ಕತ್ತರಿಸಿಕೊಳ್ಳಬೇಕಿತ್ತು. ಬಲಭುಜ ಹಿಡಿದುಕೊಂಡು ಆರು ತಿಂಗಳಾಗಿತ್ತು. ಕೈ ತಲೆಯ ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ. ಸೊಂಟ ದಾಟಿದ ಆ ಕೂದಲನ್ನು ಬಾಚಿ ಹೆಣೆಯುವಷ್ಟರಲ್ಲಿ ಜೀವ ಹೋಗಿ ಬರುತ್ತಿತ್ತು. ಆದರೆ ಗಂಡ ಮುಕುಂದನಿಗೆ ಆ ಜಡೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಅಮೆರಿಕದ ಬೆಲ್‌ರೋಸ್ ಬಡಾವಣೆಯ ಮನೆಗೆ ಯಾರೇ ಬರಲಿ, "ಇಂಥ ಜಡೆ ಇಡೀ ಕ್ವೀನ್ಸ್ ಏರಿಯಾದಲ್ಲಿ ಇನ್ನೊಂದು ತೋರ್ಸಿ ನೋಡೋಣ!" ಎನ್ನುತ್ತಿದ್ದ, ತಾನೇ ನೀರೆರೆದು ಬೆಳೆಸಿದವನ ಹಾಗೆ. ಸಿಕ್ಕು ಬಿಡಿಸುವ ಪಾಡು ಮಾತ್ರ ಹೆಂಡತಿಯದು! ಕತ್ತರಿಸುವ ಮಾತನ್ನು ಅವಳು ಎರಡು ಸಲ ಎತ್ತಿದ್ದಳು. ಎರಡು ಸಲವೂ ಈ ಮಹಾನುಭಾವ ಊಟ ಬಿಟ್ಟು ಎದ್ದಿದ್ದ.

ಶನಿವಾರ ಸೀಕಾಕಸ್‌ನಿಂದ ಮೊಮ್ಮಗಳು ಆನ್ಯಾ ಬಂದಳು, ಜೊತೆಗೆ ಶಾಲೆಯ ಪ್ರಾಜೆಕ್ಟು. ನೂರು ವರ್ಷದ ಹಿಂದಿನ ಅಮೆರಿಕ. ಜಾಜ್ ಸಂಗೀತ, ಮನೆಮನೆಗೂ ಕಾರು, ರೇಡಿಯೊ, ಹೆಂಗಸರಿಗೆ ಹೊಸದಾಗಿ ಸಿಕ್ಕ ಓಟು. ಇದನ್ನೆಲ್ಲ ಹೇಗೋ ನುಂಗಿಕೊಂಡ ಅಪ್ಪಂದಿರು, ಹೆಣ್ಣುಮಕ್ಕಳು ಕೂದಲು ಕತ್ತರಿಸಿಕೊಂಡು ಬಂದಾಗ ಮನೆಯೇ ಹಾರಿಹೋಗುವಂತೆ ಕೂಗಾಡಿದರಂತೆ.

"ಜಸ್ಟ್ ಫಾರ್ ಹೇರ್, ಅಜ್ಜಿ! ಕ್ಯಾನ್ ಯು ಬಿಲೀವ್ ಇಟ್?" ಆನ್ಯಾ ನಕ್ಕಳು.

ಮುಕುಂದನಿಗೆ ಹುರುಪು ಬಂತು. "ನಮ್ಮಲ್ಲೂ ಸೇಮ್ ಟೈಮ್ ಕಣಮ್ಮ! ನಂಜನಗೂಡಲ್ಲಿ ನಮ್ಮ ತಾತ ಉದ್ದ ಜುಟ್ಟು ತೆಗೆಸಿ ಕ್ರಾಪು ಬಿಟ್ರು. ಅವರಪ್ಪ ಮೂರು ತಿಂಗಳು ಪಂಕ್ತೀಲಿ ಕೂರಿಸ್ಲಿಲ್ಲ, ಜಗಲಿ ಮೇಲೆ ಎಲೆ ಹಾಕ್ಸಿದ್ರು. ತಾತ ಜಗ್ಗಲಿಲ್ಲ. ಎಂಥ ಧೈರ್ಯ!"

ರಾಜಿ ಈ ಕಥೆಯನ್ನು ನೂರು ಸಲ ಕೇಳಿದ್ದಳು. ಪ್ರತಿಸಲ ಹೂಂಗುಟ್ಟಿದ್ದಳು. ಈ ಸಲ ಮಾತ್ರ ಸೌಟು ಕೆಳಗಿಟ್ಟಳು.

"ಅಲ್ಲಾ ರೀ, ತಾತ ಜುಟ್ಟು ತೆಗೆಸಿದ್ರೆ ಧೈರ್ಯ. ನಾನು ಜಡೆ ಅಂತ ಬಾಯಿ ಬಿಟ್ರೆ ನೀವು ತಟ್ಟೆ ಬಿಟ್ಟು ಏಳ್ತೀರ. ಹಾಗಾದ್ರೆ ಈ ಕಥೇಲಿ ನೀವು ತಾತಾನೋ, ತಾತನ ಅಪ್ಪಾನೋ?"

ಆನ್ಯಾಳ ಪೆನ್ಸಿಲು ನಿಂತಿತು. ರಾಜಿ ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಿದ್ದುದು ಮುಕುಂದನ ಕಣ್ಣಿಗೆ ಬಿದ್ದದ್ದು ಆಗಲೇ.

"ಅಷ್ಟೊಂದು ನೋಯುತ್ತಾ?"

"ಆರು ತಿಂಗಳಿಂದ."

"ಹೇಳ್ಬಾರ್ದಿತ್ತೇನೇ?"

"ಹೇಳೋಕೆ ಬಿಟ್ರಾ?"

ಅವನು ಎದ್ದು ಕಾರಿನ ಕೀ ತೆಗೆದುಕೊಂಡ. "ನಡಿ ಪಾರ್ಲರಿಗೆ, ನಾನೇ ಡ್ರೈವ್ ಮಾಡ್ತೀನಿ." ಆನ್ಯಾಳೂ ಜೊತೆಗೆ ಹೊರಟಳು.

ಹಿಲ್‌ಸೈಡ್ ಅವೆನ್ಯೂ ಪಾರ್ಲರಿನ ವಿಜಿ ಕತ್ತರಿ ಹಿಡಿದು, "ಆಂಟಿ, ಆರ್ ಯು ಶೂರ್?" ಎಂದು ಮೂರು ಸಲ ಕೇಳಿದಳು. ರಾಜಿ ಮೂರು ಸಲವೂ ಹೂಂ ಎಂದಳು. ಅಳು ಬರಬಹುದೆಂದು ಕರ್ಚೀಫು ತಂದಿದ್ದಳು. ಒಂದು ಹನಿಯೂ ಬರಲಿಲ್ಲ. ಆ ಕರ್ಚೀಫು ಬೇಕಾದದ್ದು ಮುಕುಂದನಿಗೆ. ಅಳಲಿ ಬಿಡಿ, ಪಾಪ, ಅವನ ಹೆಮ್ಮೆಯೂ ಸುಳ್ಳೇನಲ್ಲ. ರಾಜಿಯೋ, ತಲೆ ಅಲ್ಲಾಡಿಸಿ ನೋಡಿ ಗಟ್ಟಿಯಾಗಿ ನಕ್ಕುಬಿಟ್ಟಳು. ಎಷ್ಟು ಹಗುರ! ಇಷ್ಟು ಸಂತೋಷವಾದೀತೆಂದು ಅವಳಿಗೇ ಗೊತ್ತಿರಲಿಲ್ಲ.

ಮುಕುಂದ ಎದ್ದು ಬಂದು ಹಿಂದೆ ನಿಂತ. ಬಗ್ಗಿ ನೋಡಿದ.

"ಏನ್ರೀ, ಚೆನ್ನಾಗಿಲ್ವಾ?"

"ಇಲ್ಲೊಂದು ಮಚ್ಚೆ ಇದೆ ಕಣೇ." ಅವಳ ಕತ್ತಿನ ಹಿಂದೆ ಮೆಲ್ಲಗೆ ಬೆರಳಿಟ್ಟ. "ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು. ನಾನು ನೋಡೇ ಇರ್ಲಿಲ್ವಲ್ಲೇ."

"ಥೂ, ಕೈ ತೆಗೀರಿ, ಮಗು ನೋಡ್ತಿದೆ," ಎಂದಳೇ ಹೊರತು ರಾಜಿ ಅಲುಗಾಡಲಿಲ್ಲ.