ಬ್ರೇಕ್ ಬಿಡದ ಕಾಲು

ಬೆಳಿಗ್ಗೆ ಚೆಂಡಿನ ಹಿಂದೆ ಓಡಿಬಂದ ಮಗುವೊಂದು ನಾನು ಓಡಿಸುವ ಬಸ್ಸಿಗೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಮಗುವಿನಿಂದ ಒಂದು ಮೊಳ ದೂರದಲ್ಲಿ ಬಸ್ಸು ನಿಂತಿತು. "ಅಕ್ಕಾ, ನಿಮ್ಮ ಗುಂಡಿಗೆ ಗಟ್ಟಿ ಬಿಡಿ," ಎಂದ ಕಂಡಕ್ಟರ್. ನಿಜವೇ, ಏನೂ ಆಗದವಳಂತೆ ಸಂಜೆಯವರೆಗೂ ಓಡಿಸಿದೆ.

ಮನೆಗೆ ಬಂದು ಊಟಕ್ಕೆ ಕೂತಾಗ ಶುರುವಾಯಿತು. ಎದೆ ಡವಡವ, ಅಂಗೈ ತುಂಬ ಬೆವರು. ತಟ್ಟೆಯನ್ನು ಆಚೆ ಸರಿಸಿದೆ. ಮೇಜಿನ ಕೆಳಗೆ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ನಾಳೆಯೂ ಅದೇ ರಸ್ತೆ. ಈ ಕಾಲನ್ನು ನಂಬಿ ಬಸ್ಸು ಹತ್ತುವುದು ಹೇಗೆ?

"ನಾಳೆ ರಜೆ ಹಾಕ್ಬಿಡು," ಎಂದರು ನಮ್ಮವರು.

"ಒಂದಿನ ಬಿಟ್ರೆ ಆಮೇಲೆ ಹತ್ತೋಕೇ ಆಗಲ್ಲ ರೀ."

ಮಗಳು ಮೇಜಿನ ಕೆಳಗೆ ಬಗ್ಗಿ ನೋಡಿದಳು. "ಅಮ್ಮಾ, ಯಾರನ್ನ ತುಳೀತಿದ್ದೀಯ?"

"ಬ್ರೇಕ್ ಕಣೇ. ಬಸ್ಸು ಬೆಳಿಗ್ಗೆನೇ ನಿಂತಾಯ್ತು, ಈ ಕಾಲಿಗೆ ಇನ್ನೂ ಸುದ್ದಿ ಬಂದಿಲ್ಲ."

ಅವಳು ನಗಲಿಲ್ಲ. ತನ್ನ ಪಾದವನ್ನು ನನ್ನ ಪಾದದ ಮೇಲಿಟ್ಟು, "ಕಾಲಿಗೆ ನಾನು ಹೇಳ್ತೀನಿ, ನೀನು ಊಟ ಮಾಡು," ಎಂದಳು.

ಕಾಲು ಮತ್ತೆ ಒತ್ತಿತು. ಅವಳು ಪಾದ ತೆಗೆಯಲಿಲ್ಲ. ಬೆಳಗಿನ ಪಾಳಿಗೆ ಅಲಾರಂ ಇಡಿ ಎಂದು ಇವರಿಗೆ ಹೇಳಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.