ಹದಿಮೂರನೇ ತಾರೀಖಿನ ರಕ್ತ

ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ. ಈ ಜಿಜಾಬಾಯಿಯ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ, ಹೇಳಲಿ. ದಿನಕ್ಕೆ ಇನ್ನೂರು ಕಾಗದ ನನ್ನ ಕೈ ದಾಟುತ್ತವೆ. ಹೆಸರು ತಪ್ಪಿದ್ದರೆ, ಸಹಿ ಬಿಟ್ಟಿದ್ದರೆ, ಮಶೀನಿಗೆ ಹಾಕುವ ಮೊದಲೇ ಹಿಡಿದು ಬೈಯುತ್ತಿದ್ದೆ. ಆ ಸೊಕ್ಕು ಈಗ ಉಳಿದಿಲ್ಲ.

ಎರಡು ವರ್ಷ ಮಳೆ ಕೈಕೊಟ್ಟು, ಕಾರಂಜಾ ಜಲಾಶಯದ ತಳ ಕಂಡಿದ್ದ 2016ರ ಮಾತು. ಔರಾದ ಕಡೆಯ ಜನ ಗಂಟುಮೂಟೆ ಕಟ್ಟಿ ಪುಣೆಗೆ, ಹೈದರಾಬಾದಿಗೆ ಹೊರಟಿದ್ದರು. ಎಲ್ಲರಿಗೂ ಆಧಾರ್ ಕಾರ್ಡಿನ ಪ್ರತಿ ಬೇಕು. ಹೇಳಲು ನಾಚಿಕೆ, ಆ ಬರದಲ್ಲಿ ನನ್ನ ಅಂಗಡಿ ಚೆನ್ನಾಗಿ ನಡೆಯಿತು.

ನನ್ನ ತಂಗಿ ಶಾಲುಬಾಯಿಯನ್ನು ಔರಾದ ತಾಲೂಕಿಗೇ ಕೊಟ್ಟಿದ್ದೆವು. ಬೋರು ಬತ್ತಿದ ಮೇಲೆ ಗಂಡ ಪಂಢರಿ ಪುಣೆಯ ಕಟ್ಟಡ ಕೆಲಸಕ್ಕೆ ಹೋದ. ಅವಳು ನನ್ನ ಮನೆಗೆ ಬಂದು ಅಂಗಡಿಯಲ್ಲಿ ಕೈಜೋಡಿಸುತ್ತಿದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು, ಆದರೆ ಇಬ್ಬರದೂ ಒಂದೇ ಮುಖ. ಗಿರಾಕಿಗಳು ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸುತ್ತಿದ್ದರು.

ಫೆಬ್ರುವರಿಯಲ್ಲಿ ಏಜೆಂಟ್ ನರಸಿಂಗ ಅಂಗಡಿಗೆ ಬಂದ. ಹೈದರಾಬಾದಿನ ಒಂದು ಔಷಧ ಪರೀಕ್ಷೆ ಕೇಂದ್ರಕ್ಕೆ ಜನ ಒದಗಿಸುವುದು ಅವನ ಕಸುಬು.

"ನ್ಯಾನೋ ಗುಳಿಗಿ ಅಂತ ಬಂದಾವ ಅಕ್ಕೋರೆ. ಮದ್ದನ್ನ ಕೂದಲಿಗಿಂತ ಸಾವಿರ ಪಟ್ಟು ಸಣ್ಣ ಮಾಡಿರ್ತಾರ. ಅಮೆರಿಕಾ, ಜರ್ಮನಿ, ಎಲ್ಲಾ ಕಡಿ ಮಾರ್ಕೆಟ್ ಅದ. ಮಾರೂಕಿಂತ ಮೊದಲ ಯಾರರೆ ನುಂಗಿ ತೋರಿಸಬೇಕಲ್ರಿ?"

"ಯಾಕ, ಅಮೆರಿಕಾದವ್ರಿಗಿ ಹೊಟ್ಟಿ ಇಲ್ಲೇನೊ?" ಎಂದು ಗದರಿದೆ. ಗದರಿದರೂ ಅವರು ಕೊಡುವ ದುಡ್ಡಿನ ಆಸೆಗೆ ಹೋದೆವು, ಅಕ್ಕತಂಗಿ ಇಬ್ಬರೂ. ಇಬ್ಬರದೂ ರಕ್ತ ತೆಗೆದರು; ಜನ ಹೆಚ್ಚಾದರೆಂದು ನನಗೆ ಗುಳಿಗೆ ಕೊಡಲಿಲ್ಲ, ಶಾಲು ನುಂಗಿ ತಾಸಿಗೊಮ್ಮೆ ರಕ್ತ ಕೊಟ್ಟಳು, ಮೂರನೇ ದಿನ ವಾಪಸ್ ಬಂದೆವು. ಒಮ್ಮೆ ನುಂಗಿದವರು ಮೂರು ತಿಂಗಳು ಮತ್ತೆ ಬರುವಂತಿಲ್ಲ ಎಂದು ಅಲ್ಲಿ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು.

ಏಪ್ರಿಲ್ ಕೊನೆಗೆ ಅದೇ ಕೇಂದ್ರದಿಂದ ನನ್ನ ಹೆಸರಿಗೆ ರಿಜಿಸ್ಟರ್ ಅಂಚೆ ಬಂತು. ರಕ್ತದಲ್ಲಿ ಬಿಳಿ ಕಣಗಳು ವಿಪರೀತ ಹೆಚ್ಚಿವೆ, ಕ್ಯಾನ್ಸರ್ ಇರಬಹುದು, ಕೂಡಲೇ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಬರೆದಿತ್ತು. ಡಾಕ್ಟರಿಗೆ ಕೊಡಲು ಪ್ರತಿ ತೆಗೆಯುವಾಗ ಅವಸರದಲ್ಲಿ ಮೊದಲ ಹಾಳೆ ಸೊಟ್ಟಾಯಿತು. ಅದನ್ನು ರದ್ದಿಗೆ ಎಸೆದು ಇನ್ನೊಂದು ತೆಗೆದೆ. ಪಕ್ಕದಲ್ಲಿ ನಿಂತಿದ್ದ ಶಾಲು ಬಿಳಿಚಿಕೊಂಡಿದ್ದಳು. ಪಾಪ, ನನ್ನ ಮೇಲೆ ಎಷ್ಟು ಜೀವ ಇವಳಿಗೆ ಎಂದುಕೊಂಡೆ.

ಬೀದರಿಗೆ ಹೋಗಿ ನೌಬಾದದ ಡಾಕ್ಟರಿಗೆ ತೋರಿಸಿದೆ. ಅವರು ಎರಡು ಸಲ ರಕ್ತ ತೆಗೆಸಿದರು. ಎರಡು ಸಲವೂ ಏನೂ ಇಲ್ಲ.

"ಹೈದರಾಬಾದದ ರಿಪೋರ್ಟ್ ತಪ್ಪದ ರೀ. ನಿಮಗ ಏನೂ ಆಗಿಲ್ಲ, ಆರಾಮ ಮನಿಗಿ ಹೋಗ್ರಿ," ಎಂದರು.

ದಾರಿಯುದ್ದಕ್ಕೂ ಹೈದರಾಬಾದಿನವರಿಗೆ ಹಿಡಿಶಾಪ ಹಾಕುತ್ತ ಬಂದೆ. ಕೈಯಲ್ಲಿ ಪೇಢೆಯ ಡಬ್ಬ. ಹೊಸ್ತಿಲಲ್ಲೇ ಕೂಗಿ ಹೇಳಿದೆ, "ಶಾಲೂ, ಆ ರಿಪೋರ್ಟ್ ಸುಳ್ಳಂತ! ಪೂರಾ ಸುಳ್ಳು!"

"ಖರೇನ ಅಕ್ಕಾ? ಡಾಕ್ಟರೇ ಅಂದ್ರಾ?"

"ಎರಡು ಸಲ ನೋಡಿ ಅಂದ್ರು, ಹುಚ್ಚಿ!"

ಅವಳು ನನ್ನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಒಂದರ ಹಿಂದೆ ಒಂದು ಮೂರು ಪೇಢೆ ತಿಂದಳು. ಆ ರಿಪೋರ್ಟನ್ನು ನಾನೇ ನನ್ನ ಕೈಯಾರೆ ಹರಿದು ಒಲೆಗೆ ಹಾಕಿದೆ.

ಜೂನಿನಲ್ಲಿ ಮಳೆ ಬಂತು. ಪಂಢರಿ ಪುಣೆಯಿಂದ ವಾಪಸಾದ, ಶಾಲು ಬಿತ್ತನೆಗೆ ಊರಿಗೆ ಹೋದಳು. ಹೋಗುವಾಗ ಸೊರಗಿದ್ದಳು. ಬೇಸಿಗೆ ಯಾರನ್ನು ಬಿಟ್ಟಿತ್ತು ಎಂದು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಹದಿನೈದು ದಿನಕ್ಕೆ ಪಂಢರಿಯ ಫೋನು ಬಂತು.

"ಅಕ್ಕಾ, ಇಕಿಗಿ ಜ್ವರ ಬಿಡವಲ್ದು. ವಸಡಿನಾಗ ರಕ್ತ ಬರ್ಲತದ. ಬೀದರ ಆಸ್ಪತ್ರಿಗಿ ತಂದೀನಿ, ಜಲ್ದಿ ಬರ್ರಿ. ವಾರ್ಡ್ ನಂಬರ್ ಬರಕೊಳ್ರಿ."

ಬರೆದುಕೊಳ್ಳಲು ರದ್ದಿಯಿಂದ ಒಂದು ಹಾಳೆ ಎಳೆದೆ. ಬರೆದು ಮಗುಚಿ ನೋಡಿದರೆ ಅದೇ ರಿಪೋರ್ಟಿನ ಸೊಟ್ಟ ಪ್ರತಿ. ನನ್ನ ಹೆಸರು, ನನ್ನ ಆಧಾರ್ ನಂಬರು. ಮೂಲೆಯಲ್ಲಿ ರಕ್ತ ತೆಗೆದ ತಾರೀಖು: 13 ಏಪ್ರಿಲ್.

ನಾನು ಹೋಗಿದ್ದು ಫೆಬ್ರುವರಿಯಲ್ಲಿ. ಏಪ್ರಿಲ್ ಹದಿಮೂರಕ್ಕೆ, ಮರುದಿನದ ಜಯಂತಿಗೆಂದು ನಮ್ಮ ಬುದ್ಧವಿಹಾರದ ಕರಪತ್ರಗಳನ್ನು ಬೆಳಗಿನಿಂದ ಸಂಜೆಯವರೆಗೂ ಇದೇ ಮಶೀನಿನಲ್ಲಿ ತೆಗೆದಿದ್ದೆ. ಒಬ್ಬಳೇ ತೆಗೆದಿದ್ದೆ. ಅತ್ತೆಯನ್ನು ನೋಡಿ ಬರುತ್ತೇನೆಂದು ಶಾಲು ಹಿಂದಿನ ದಿನವೇ ಹೋಗಿದ್ದಳು. ನನ್ನ ಕಾರ್ಡು ಯಾವಾಗಲೂ ಅಂಗಡಿಯ ಡ್ರಾದಲ್ಲಿ ಇರುತ್ತಿತ್ತು. ಆ ಕಾರ್ಡಿನ ಕಪ್ಪು ಫೋಟೋದಲ್ಲಿ ನಾನ್ಯಾರು, ಅವಳ್ಯಾರು? ಅಯ್ಯೋ, ಜಗತ್ತಿನ ಕಾಗದವನ್ನೆಲ್ಲ ತಿದ್ದುವ ನಾನು ನನ್ನ ಕಾಗದದ ತಾರೀಖು ನೋಡಿರಲಿಲ್ಲ.

ಬೀದರ ಆಸ್ಪತ್ರೆಯ ಡಾಕ್ಟರಿಗೆ ಆ ಹಾಳೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. "ಆವಾಗೇ ಔಷಧ ಶುರು ಮಾಡಿದ್ರ ಉಳಿಯೋ ದಾರಿ ಇತ್ತಮ್ಮ," ಎಂದರು.

ಶಾಲು ಹಾಸಿಗೆಗೆ ಅಂಟಿಕೊಂಡಿದ್ದಳು. ತೋಳಿನ ತುಂಬ ನೀಲಿ ಕಲೆಗಳು. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು.

"ನನ್ನ ಕಾರ್ಡ್ ಒಯ್ದಿದ್ದಿ, ಹೌದಿಲ್ಲ? ಮತ್ತ ಆ ಕಾಗದ ಬಂದಾಗ ಯಾಕ ಬಾಯಿ ಬಿಡ್ಲಿಲ್ಲ, ಶಾಲೂ?"

"ನಾ ಗುಳಿಗಿ ನುಂಗಿ ಮೂರು ತಿಂಗಳಾ ಆಗಿರ್ಲಿಲ್ಲಲ್ಲ ಅಕ್ಕಾ, ಅದಕ್ಕ ಒಯ್ದಿದ್ದೆ. ನೀ ಬೈತಿ ಅಂತ ಅಂಜಿದೆ. ನೀ ಬೀದರಿಂದ ಬಂದ ಕೂಡ್ಲೆ ಹೇಳ್ಬೇಕಂತ ಬಾಗಲದಾಗೇ ನಿಂತಿದ್ದೆ." ನನ್ನ ಸೆರಗು ಹಿಡಿದುಕೊಂಡಳು. "ರಿಪೋರ್ಟೇ ಸುಳ್ಳು ಅಂತ ಡಾಕ್ಟರ್ ಅಂದಾರ ಅಂದಿ. ಹಂಗಾದ್ರ ನಾ ಉಳಿದೆ ಅಂತ ತಿಳಕೊಂಡೆ."

ಎಂಟನೇ ದಿನ ಹೋದಳು.

ಆ ನ್ಯಾನೋ ಗುಳಿಗೆ ಪರೀಕ್ಷೆಯಲ್ಲಿ ಪಾಸಾಗಿ ಹೊರದೇಶದ ಅಂಗಡಿಗಳಿಗೆ ಹೊರಟಿದೆಯಂತೆ, ನರಸಿಂಗ ಹೇಳಿದ. ಹೋಗಲಿ, ಯಾರಿಗಾದರೂ ವಾಸಿಯಾಗಲಿ. ನನಗೆ ಮಾತ್ರ ಆ ಪೇಢೆಯ ದಿನವೇ ಕಣ್ಣಿಗೆ ಕಟ್ಟುತ್ತದೆ. ಅಕ್ಕ ಬದುಕಿದಳೆಂದು ತಂಗಿ ಅಳುತ್ತಿದ್ದಾಳೆಂದು ತಿಳಿದು, ಅವಳ ಬೆನ್ನು ಸವರುತ್ತ ನಕ್ಕಿದ್ದೆ. ಆ ದಿನ ಅವಳು ಸಿಹಿ ತಿಂದಿದ್ದು ತನ್ನ ಜೀವ ಉಳಿಯಿತೆಂದು.