ನಿಂತ ಚಿತ್ರದ ಹೊತ್ತು

ಜನವರಿಯ ಮೊದಲ ಸೋಮವಾರ ಮಧ್ಯಾಹ್ನ, ಧರ್ಮಪ್ಪ ಮೇಷ್ಟ್ರು ಹೊಸನಗರದ ಶಾಲೆಯಿಂದ ಊಟಕ್ಕೆ ಬಂದು ಕೈಕಾಲು ತೊಳೆಯುತ್ತಿದ್ದಾಗ ತಂತಿ ಬಂತು. ಇಂಗ್ಲೆಂಡಿನಲ್ಲಿದ್ದ ತಮ್ಮ ಗೋಪಾಲಪ್ಪ ಗುರುವಾರ ತೀರಿಕೊಂಡನೆಂದು ಅದರಲ್ಲಿತ್ತು. ಮೇಷ್ಟ್ರು ಎರಡು ಸಲ ಓದಿದರು.

“ಅನ್ನ ಆರ್ತದೆ, ಬನ್ನಿ” ಎಂದು ಹೆಂಡತಿ ವೆಂಕಮ್ಮ ಒಳಗಿನಿಂದ ಕರೆದಳು. ಅವರು ಹೋಗಿ ಎಲೆಯ ಮುಂದೆ ಕುಳಿತರು. ತಂತಿಯ ಕಾಗದವನ್ನು ಎಲೆಯ ಪಕ್ಕದಲ್ಲಿಟ್ಟರು.

“ಇಂಗ್ಲಿಷು ನಂಗೆ ಬರ್ತದಾ?” ಎಂದವಳು ಅವರ ಮುಖ ನೋಡಿ ಸೌಟು ಕೆಳಗಿಟ್ಟಳು.

ಗೋಪಾಲಪ್ಪನಿಗೆ ನಲವತ್ತು ತುಂಬಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಹೆತ್ತವರು ಹೋದ ಮೇಲೆ ಅಣ್ಣ ಅತ್ತಿಗೆಯರ ಕೈಯಲ್ಲಿ ಬೆಳೆದವನು. ಸಾಗರದಲ್ಲಿ ರೇಡಿಯೋ ರಿಪೇರಿ ಕಲಿತು, ಇಂಗ್ಲೆಂಡಿನ ಒಂದು ಟೆಲಿವಿಷನ್ ಕಾರ್ಖಾನೆಗೆ ಸೇರಿ ಮೂರು ವರ್ಷವಾಗಿತ್ತು. ದೇಹವನ್ನು ಅಲ್ಲಿಯೇ ಸುಟ್ಟರು. ಬೂದಿ ಕೂಡ ಬರಲಿಲ್ಲ. ಮೇಷ್ಟ್ರ ಪಾಲಿಗೆ ಉಳಿದದ್ದು ಒಂದೇ ಕೆಲಸ, ಅವನು ಹೋದ ತಿಥಿಗೆ ಸರಿಯಾಗಿ ಎಡೆ ಇಡುವುದು. ತಿಥಿ ತಪ್ಪಿದರೆ ಎಡೆ ಮುಟ್ಟುವುದಿಲ್ಲ, ಹೋದವನು ಹಸಿದುಕೊಂಡೇ ಇರುತ್ತಾನೆ ಎಂದು ಆ ಮನೆಯಲ್ಲಿ ನಂಬಿಕೆ.

ಪುರೋಹಿತ ಸುಬ್ಬರಾಯ ಭಟ್ಟರು ಪಂಚಾಂಗ ಬಿಡಿಸಿದರು. “ಗುರುವಾರ ರಾತ್ರಿ ಎಂಟರ ತನಕ ಸಪ್ತಮಿ, ಆಮೇಲೆ ಅಷ್ಟಮಿ. ಪ್ರಾಣ ಹೋದ ಹೊತ್ತು ಗೊತ್ತಾಗ್ಬೇಕು ಮೇಷ್ಟ್ರೇ.”

“ನಮ್ಮ ಎಂಟು ಅಂದ್ರೆ ಅಲ್ಲಿ ಮಧ್ಯಾಹ್ನ ಎರಡೂವರೆ” ಎಂದರು ಮೇಷ್ಟ್ರು. ಮಕ್ಕಳಿಗೆ ಗೋಳ ತಿರುಗಿಸಿ ಕಲಿಸಿದ ಲೆಕ್ಕ ಅದು.

ಗೋಪಾಲಪ್ಪ ಇದ್ದ ಬಾಡಿಗೆ ಮನೆಯಲ್ಲಿಯೇ ಸಾಗರದ ಅಂಜನಪ್ಪ ಎಂಬವನಿದ್ದ. ಹೊತ್ತು ಕೇಳಿ ಅವನಿಗೆ ಬರೆದರು. ಮೂರು ವಾರಕ್ಕೆ ಉತ್ತರ ಬಂತು.

“ಅವನು ಹೋದದ್ದನ್ನು ಕಂಡವರಿಲ್ಲ. ಜ್ವರವೆಂದು ಮನೆಯಲ್ಲಿದ್ದ. ಒಂದೂವರೆಗೆ ಟೆಲಿವಿಷನ್ನಿನಲ್ಲಿ ಎಳೆಮಕ್ಕಳ ಗೊಂಬೆಯಾಟ ಬಂದಾಗ ಅವನು ನಕ್ಕದ್ದು ಕೆಳಗಿನ ಮನೆಯೊಡತಿಗೆ ಕೇಳಿಸಿತಂತೆ. ನಾಲ್ಕಕ್ಕೆ ನಾನು ಬಂದು ನೋಡಿದರೆ ಟೆಲಿವಿಷನ್ ಪೆಟ್ಟಿಗೆಯ ಬೆನ್ನು ಬಿಚ್ಚಿತ್ತು, ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಪರದೆಯ ಮೇಲೆ ನಿಂತ ಚಿತ್ರವಿತ್ತು. ಎದೆ ನಿಂತು ಹೋಗಿದೆ ಎಂದರು ಡಾಕ್ಟರು.”

ನಿಂತ ಚಿತ್ರವೆಂದರೇನೆಂದು ವೆಂಕಮ್ಮನಿಗೆ ಗೊತ್ತಿತ್ತು. ಅಕ್ಟೋಬರಿನಲ್ಲಿ ಗೋಪಾಲಪ್ಪ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಟೆಲಿವಿಷನ್ನಿನಲ್ಲಿ ಏನೇನು ಬಂತೆಂದು ಅತ್ತಿಗೆಗಾಗಿ ಬರೆದು ಕಳಿಸಿದ್ದ. ಮೇಷ್ಟ್ರು ಆಗ “ಕೆಲಸ ಇಲ್ದವ್ನ ಪಟ್ಟಿ” ಎಂದು ಅರ್ಧ ಓದಿ ಮಡಿಸಿಟ್ಟಿದ್ದರು. ಅವಳು ದೇವರ ಗೂಡಿನಿಂದ ಅದನ್ನು ತಂದುಕೊಟ್ಟಳು. ಈಗ ಅವರು ಒಂದಕ್ಷರವೂ ಬಿಡದೆ ಓದಿದರು.

“ಬೆಳಗ್ಗೆ ಶಾಲೆಗಳಿಗೆ ಪಾಠ. ಅಣ್ಣಯ್ಯ ಬಂದರೆ ಇಲ್ಲಿಯ ಮೇಷ್ಟ್ರಿಗೂ ಬೈದಾನು. ಒಂದೂವರೆಗೆ ಗೊಂಬೆಯಾಟ, ಎಳೆಮಕ್ಕಳು ಮತ್ತು ನಾನು ನೋಡುತ್ತೇವೆ. ಒಂದೂಮುಕ್ಕಾಲಿಗೆ ವಾರ್ತೆ. ಅದು ಮುಗಿದ ಕೂಡಲೇ ಮತ್ತೆ ಪಾಠ, ಎರಡೂವರೆಯವರೆಗೆ. ಆಮೇಲೆ ಐದರವರೆಗೆ ಏನೂ ಇಲ್ಲ. ಒಂದು ಚಿತ್ರ ನಿಲ್ಲಿಸಿರುತ್ತಾರೆ. ವೃತ್ತ, ಗೆರೆ, ಚೌಕ, ನಿಮ್ಮ ರಂಗೋಲಿಯ ಹಾಗೆ. ಜನ ಪೆಟ್ಟಿಗೆ ಆರಿಸಿಬಿಡುತ್ತಾರೆ, ನಮ್ಮಂಥ ರಿಪೇರಿಯವರಿಗೆ ಅದೇ ಬೇಕು. ವೃತ್ತ ಮೊಟ್ಟೆಯಂತೆ ಕಂಡರೆ ಪೆಟ್ಟಿಗೆ ಸರಿಯಿಲ್ಲವೆಂದು ತಿಳಿಯಬೇಕು. ಆ ಚಿತ್ರ ನಿಂತಾಗಲ್ಲದೆ ನಾನು ಪೆಟ್ಟಿಗೆಯ ಬೆನ್ನು ಬಿಚ್ಚುವುದಿಲ್ಲ. ಸಂಜೆ ವಾರ್ತೆಯಾದ ಮೇಲೆ ಹವಾಮಾನ. ಮಳೆ ಬರುತ್ತದೆ ಎನ್ನಲು ಇವರಿಗೆ ಕೋಟು ತೊಟ್ಟ ಒಬ್ಬ ಮನುಷ್ಯ ಬೇಕು ಅತ್ತಿಗೆ, ಕಿಟಕಿ ತೆರೆದರೆ ಸಾಕಾಗಿತ್ತು. ರಾತ್ರಿ ನಾಟಕ, ಕೊನೆಗೆ ರಾಣಿಯ ಹಾಡು, ಇವರ ಜನಗಣಮನ. ಮನೆಯೊಡತಿ ಎದ್ದು ನಿಲ್ಲುತ್ತಾಳೆ. ನಾನು ಹಾಸಿಗೆಯಲ್ಲಿಯೇ ಕಾಲು ನೆಟ್ಟಗೆ ಮಾಡುತ್ತೇನೆ.”

ವೆಂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಷ್ಟ್ರಿಗೆ ಮಾತ್ರ ಕತ್ತಲಲ್ಲಿ ದೀಪ ಸಿಕ್ಕಂತಾಯಿತು. ಬೆನ್ನು ಬಿಚ್ಚಿದ್ದನೆಂದರೆ ಚಿತ್ರ ನಿಂತಾಗ ಅವನು ಬದುಕಿದ್ದ. ಚಿತ್ರ ನಿಲ್ಲುವುದು ಎರಡೂವರೆಗೆ. ಹಾಗಾದರೆ ಅಷ್ಟಮಿಯೇ.

ಮುಂದಿನ ಅಷ್ಟಮಿಗೆ ವೆಂಕಮ್ಮ ಅವನಿಗಿಷ್ಟವಾದ ಕಡುಬು ಮಾಡಿದಳು. ಎಡೆಯನ್ನು ಕಾಗೆ ಬಂದು ಮುಟ್ಟಿತು. ತಂತಿ ಬಂದಂದಿನಿಂದ ಮೊದಲ ಸಲ ಮೇಷ್ಟ್ರು ಹೊಟ್ಟೆ ತುಂಬ ಉಂಡರು.

ನಾಲ್ಕು ದಿನ ಕಳೆದಿರಬಹುದು. ಅಕ್ಕಿ ಆರಿಸುತ್ತ ಕುಳಿತಿದ್ದ ವೆಂಕಮ್ಮ ಮೊರವನ್ನು ಪಕ್ಕಕ್ಕಿಟ್ಟಳು.

“ಅಲ್ಲ, ಒಂದ್ಮಾತು. ಅವ್ನು ಹೋದದ್ದು ಕ್ರಿಸ್‌ಮಸ್ ಆಗಿ ಐದು ದಿನಕ್ಕೆ. ಆಗ ಅವ್ರಿಗೆ ಶಾಲೆ ಇರ್ತದಾ?”

ಮೇಷ್ಟ್ರು ಎದ್ದು ಗೋಪಾಲಪ್ಪನ ಪಟ್ಟಿಯನ್ನು ಮತ್ತೆ ಬಿಡಿಸಿದರು.

“ಶಾಲೆ ಇಲ್ದಿದ್ರೆ ಆ ಪಾಠ ಯಾರಿಗೆ ಮಾಡ್ತಾರೆ? ವಾರ್ತೆ ಮುಗಿದದ್ದೇ ಚಿತ್ರ ನಿಲ್ಲಿಸಿರ್ತಾರೆ ಅಲ್ವಾ?”

“ಮೂವತ್ತು ವರ್ಷ ಶಾಲೆ ನಡೆಸ್ದವ ನಾನು” ಎಂದರು ಅವರು. “ರಜೆ ಇರ್ತದೆ ಅಂತ ನಂಗೇ ಹೊಳೀಲಿಲ್ಲ.”

ಅಂಜನಪ್ಪನಿಗೆ ಮತ್ತೆ ಬರೆದರು. ಅವನ ಉತ್ತರ ಮೂರು ಸಾಲಿನದು. ಹೌದು, ರಜೆಯಿತ್ತು. ಪಾಠವಿರಲಿಲ್ಲ. ಎರಡಕ್ಕೆ ಮೊದಲೇ ನಿಂತ ಚಿತ್ರ ಐದರವರೆಗೂ ಹಾಗೆಯೇ ಇತ್ತಂತೆ. ನಾಲ್ಕರೊಳಗೆ ಯಾವ ಗಳಿಗೆಗೆ ಅವನ ಕೈ ನಿಂತಿತೋ ಹೇಳುವವರಿಲ್ಲ. ಸಪ್ತಮಿಯ ಎರಡು ಗಂಟೆಗೂ ಅದೇ ವೃತ್ತ, ಅಷ್ಟಮಿಯ ಮೂರಕ್ಕೂ ಅದೇ ವೃತ್ತ. ಕಾಗೆ ಮುಟ್ಟಿತ್ತೆಂಬ ಸಮಾಧಾನವೂ ಹೋಯಿತು. ಹಸಿದ ಕಾಗೆ ಪಂಚಾಂಗ ನೋಡಿಕೊಂಡು ಬಂದಿರಲಿಲ್ಲ.

ಭಟ್ಟರು ಪಂಚಾಂಗ ಮಡಿಸಿ ಹೇಳಿದರು. “ಹೊತ್ತು ಸಿಗದವರಿಗೆಲ್ಲ ಅಮಾವಾಸ್ಯೆ, ಮೇಷ್ಟ್ರೇ.”

“ದಿಕ್ಕಿಲ್ದೆ ಸತ್ತವರ ಸಾಲಲ್ಲಿ ಕೂರಿಸ್ತೀರಾ ನನ್ನ ತಮ್ಮನ್ನ?”

“ನಾನ್ ಕೂರಿಸೋದಲ್ಲ. ಶಾಸ್ತ್ರದಲ್ಲಿ ಇದ್ದದ್ದು ಹೇಳ್ದೆ.”

ಅಮಾವಾಸ್ಯೆಯ ಬೆಳಗ್ಗೆ ವೆಂಕಮ್ಮ ಅಂಗಳ ಸಾರಿಸಿದಳು. ಎಡೆಯ ದಿನ ರಂಗೋಲಿ ಇಡುವಂತಿಲ್ಲ, ಅಂಗಳ ಬರಿದಾಗಿಯೇ ಇತ್ತು. ಇಬ್ಬರೂ ಮೊದಲ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ ತುಂಗೆಯಲ್ಲಿ ಮುಳುಗಿ ಎದ್ದರು. ಬೂದಿ ಬಿಡಬೇಕಾಗಿದ್ದ ನೀರಿಗೆ ಮೇಷ್ಟ್ರು ಎಳ್ಳು ಬಿಟ್ಟರು, ಬಂಡೆಯ ಮೇಲೆ ಎಡೆ ಇಟ್ಟರು. ಕಾಗೆ ಬಂತೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ಮೊಳಕಾಲುದ್ದ ನೀರಿನಲ್ಲಿ ನಿಂತು ಕೈಮುಗಿದರು.

“ಸ್ವಾಮೀ, ನನ್ನ ತಮ್ಮ ಹೋದ ಹೊತ್ತು ನನಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಅದು ನಿನಗೆ ಗೊತ್ತು. ಈ ತುತ್ತನ್ನು ಯಾವ ತಿಥಿಗೆ ಸೇರಿಸಬೇಕೋ ನೀನೇ ಸೇರಿಸು. ನನಗೆ ಸಮಾಧಾನ ಬೇಡ. ಗೋಪಾಲ ಹಸಿದಿರದಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು.”